ಒಂಬತ್ತು ಮೈಲಿ ಸಾಲು ಮತ್ತು ನನ್ನ ಮೀಸೆ

ಹೊರದೇಶದ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಸಾಲಿಗೆ ಸೇರಿದಾಗ ನನ್ನ ಮೀಸೆ ಇದ್ದಿಲಿನಷ್ಟು ಕಪ್ಪಗಿತ್ತು. ಅಧಿಕಾರಿಯ ಕಿಟಕಿ ಮುಟ್ಟುವ ಹೊತ್ತಿಗೆ ಹತ್ತಿಯಷ್ಟು ಬೆಳ್ಳಗಾಗಿತ್ತು. ಸಾಲು ಅಷ್ಟುದ್ದ! ಒಂಬತ್ತು ಮೈಲಿ, ಒಂದು ಗೇಣೂ ಕಮ್ಮಿಯಿಲ್ಲ. ನನ್ನ ಮುಂದಿದ್ದ ತರುಣನಿಗೂ ಹಿಂದಿದ್ದ ತರುಣಿಗೂ ಸಾಲಿನಲ್ಲೇ ಪರಿಚಯವಾಗಿ, ಸಾಲಿನಲ್ಲೇ ಮದುವೆಯಾಗಿ, ಕಿಟಕಿ ಕಾಣಿಸುವಾಗ ಅವರ ಕೂಸು ನನ್ನನ್ನು “ತಾತ” ಅನ್ನುತ್ತಿತ್ತು. ಕೊನೆಗೆ ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿದ್ದೇ ತಡ, ಕುರ್ಚಿಯಿಂದ ಎದ್ದು, ನಿಮ್ಮಂಥವರನ್ನು ಕಾಯಿಸಿದ್ದು ತಪ್ಪಾಯಿತು ಎಂದು ಕೈಮುಗಿದ.

ಎರಡು ವರ್ಷದಿಂದ ನಾನು ಹೇಳಿಕೊಂಡು ಬಂದ ಕಥೆಯಿದು. ಹೇಳಲು ಒಳ್ಳೆಯ ಜಾಗವೂ ಇದೆ. ನನ್ನದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಸ್ಟೂಲಿನ ಮೇಲೆ ಕೂತು, ಗಲ್ಲ ಎತ್ತಿ, ಬಾಯಿ ಮುಚ್ಚಿಕೊಂಡಿರಲೇಬೇಕು. ಎದುರು ಮಾತಾಡದ ಕೇಳುಗರು ಇನ್ನೆಲ್ಲಿ ಸಿಗುತ್ತಾರೆ? ಫೋಟೋ ಜೊತೆಗೆ ಕಥೆ ಪುಕ್ಕಟೆ. ಸೀನಿದ್ದಕ್ಕೆ ಒಬ್ಬನನ್ನು ವಾಪಸು ಕಳಿಸಿದ ಕಥೆ. ಅರ್ಜಿಯಲ್ಲಿ ಒಂದು ಚುಕ್ಕಿ ತಪ್ಪಿದ್ದಕ್ಕೆ ಅಜ್ಜಿಯೊಬ್ಬರನ್ನು ಮೂರು ದಿನ ಕೂರಿಸಿದ ಕಥೆ. ಬೀದಿಯವರು ನನ್ನನ್ನು ‘ಫ್ಲ್ಯಾಶಣ್ಣ’ ಅನ್ನುತ್ತಾರೆ. ಕಣ್ಣು ಕೋರೈಸುತ್ತೆ, ಆಮೇಲೆ ನೋಡಿದರೆ ಏನೂ ಇರಲ್ಲ ಅಂತ ಅದರ ಅರ್ಥವಂತೆ. ಹೊಟ್ಟೆಕಿಚ್ಚಿನವರು, ಬಿಡಿ.

ಸ್ಟುಡಿಯೋದ ಇನ್ನರ್ಧ ನನ್ನ ಹೆಂಡತಿಯದು. ಅವಳು ದರ್ಜಿ. ಕಿಟಕಿ ಪಕ್ಕ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಕೊರಳಲ್ಲಿ ಸದಾ ಅಳತೆಯ ಟೇಪು. ನಾನು ಕಥೆ ಬಿಡುವಾಗ ಅವಳು ಯಂತ್ರ ತುಳಿಯುತ್ತಿರುತ್ತಾಳೆ. ಆ ಗಡಗಡದಲ್ಲಿ ಇವಳಿಗೇನು ಕೇಳಿಸುತ್ತದೆ ಅಂದುಕೊಂಡಿದ್ದೆ. ಒಂದೊಂದು ಮಾತೂ ಕೇಳಿಸಿತ್ತು. ಕೇಳಿಸಿದ್ದು ಎದೆಯಲ್ಲಿ ಕೂತುಬಿಟ್ಟಿತ್ತು.

ಅದು ಗೊತ್ತಾದದ್ದು ನಾದಿನಿಯ ಫೋನು ಬಂದ ಮೇಲೆ. ನನ್ನ ಹೆಂಡತಿಯ ತಂಗಿ ಹೊರದೇಶದ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿ ಒಬ್ಬಳೇ ಇರುವವಳು. ನೂರಾರು ರೋಗಿಗಳ ಹಾಸಿಗೆ ಪಕ್ಕ ನಿಂತವಳಿಗೆ ಈಗ ತನಗೇ ಹೊಟ್ಟೆಯ ಆಪರೇಷನ್. “ಅಕ್ಕಾ, ನಾನು ಕಣ್ಣು ಬಿಟ್ಟಾಗ ನೀನು ಪಕ್ಕದಲ್ಲಿರು, ಅಷ್ಟು ಸಾಕು” ಅಂದಳು. ವೀಸಾ ಬಂತು, ಟಿಕೆಟ್ ಬಂತು. ಸೋಮವಾರ ವಿಮಾನ, ಗುರುವಾರ ಆಪರೇಷನ್. ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಅರ್ಧ ತುಂಬಿದ ಸೂಟ್‌ಕೇಸು ಮುಚ್ಚಿ ಅದರ ಮೇಲೇ ಕೂತಳು.

“ರೀ, ನಾನು ಹೋಗಲ್ಲ.”

“ಏನಾಯ್ತೇ ನಿನಗೆ?”

“ಆ ಸಾಲು ನನ್ನ ಕೈಲಾಗಲ್ಲ. ನನಗೆ ಅವರ ಭಾಷೆ ಬರಲ್ಲ. ಭಯ ಆದ್ರೆ ಸೀನು ಬೇರೆ ಬರುತ್ತೆ. ಅಲ್ಲಿ ತನಕ ಹೋಗಿ, ಅವರು ವಾಪಸು ಕಳಿಸಿ, ಅಲ್ಲಿ ತಂಗಿ ಬಾಗಿಲು ನೋಡ್ಕೊಂಡು ಒಬ್ಬಳೇ ಆಪರೇಷನ್ ಕೋಣೆಗೆ ಹೋಗೋದು... ಬೇಡ. ಈಗಲೇ ಬರಲ್ಲ ಅಂದ್ಬಿಟ್ರೆ ಯಾರಾದ್ರೂ ಗೆಳತೀನ ಕರ್ಕೋತಾಳೆ.”

“ಅಯ್ಯೋ, ಅಷ್ಟೇನೂ ಕಷ್ಟ ಇಲ್ಲ ಕಣೇ.”

“ನಿಮಗೆ ಇಲ್ಲ ಬಿಡಿ. ನಿಮ್ಮನ್ನ ಕಂಡ್ರೆ ಎದ್ದು ನಿಂತು ಕೈಮುಗೀತಾರೆ. ನನಗ್ಯಾರು ಮುಗೀತಾರೆ?”

ಆಗಲೇ ಸತ್ಯ ಹೇಳಿಬಿಡಬಹುದಿತ್ತು. ಆದರೆ ಎರಡು ವರ್ಷ ತಿರುವಿದ ಮೀಸೆಯನ್ನು ಒಂದು ನಿಮಿಷದಲ್ಲಿ ಇಳಿಸುವುದು ಹೇಗೆ?

ಅಷ್ಟರಲ್ಲಿ ಬ್ಯಾಗಿನ ಜಿಪ್ಪು ಹಾಕಿಸಲು ಪಕ್ಕದ ಬೀದಿಯ ಗಾಲಿ ಅಕ್ಕ ಬಂದರು. ಹನ್ನೊಂದು ವರ್ಷ ದೊಡ್ಡ ವಿಮಾನ ನಿಲ್ದಾಣವೊಂದರಲ್ಲಿ ಗಾಲಿಕುರ್ಚಿ ತಳ್ಳಿದವರು, ಅದಕ್ಕೇ ಆ ಹೆಸರು. ಸೂಟ್‌ಕೇಸಿನ ಮೇಲೆ ಕೂತ ನನ್ನ ಹೆಂಡತಿಯ ಮುಖ ನೋಡಿ, ವಿಷಯ ಕೇಳಿ, ನನ್ನ ಕಡೆ ತಿರುಗಿದರು.

“ಫ್ಲ್ಯಾಶಣ್ಣ, ಸೀನಿದ್ದಕ್ಕೆ ವಾಪಸು ಕಳಿಸಿದ್ರಾ?”

“ಜೋರಾಗಿ ಸೀನಿದ್ದ” ಅಂದೆ.

“ಸರಿ ಬಿಡಿ. ಏಳು ತಾಯಿ ನೀನು. ಆ ಟೇಪು ಕೊಡು.”

ಗಾಲಿ ಅಕ್ಕ ಎರಡು ಕುರ್ಚಿ ಎಳೆದು, ಅವುಗಳ ನಡುವೆ ಅಳತೆಯ ಟೇಪು ಕಟ್ಟಿದರು. ಅದು ಸಾಲು. ಬಟ್ಟೆ ಕತ್ತರಿಸುವ ಮೇಜು ಕಿಟಕಿ. ತಾವು ಅದರ ಹಿಂದೆ ಕೂತು ನನ್ನ ಹೆಂಡತಿಯನ್ನು ಎದುರಿಗೆ ನಿಲ್ಲಿಸಿಕೊಂಡರು.

“ನೋಡು, ಅಲ್ಲಿ ಕೂತಿರೋರಿಗೆ ತಿಳ್ಕೋಬೇಕಾಗಿರೋದು ಸ್ವಲ್ಪಾನೇ. ನೀನು ಯಾರು, ಯಾಕೆ ಬಂದೆ, ಎಲ್ಲಿ ಇರ್ತೀಯ, ಯಾವಾಗ ವಾಪಸು ಹೋಗ್ತೀಯ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ನಿಜವಾದ್ದು. ಗೊತ್ತಾಗಲಿಲ್ಲ ಅಂದ್ರೆ ಸುಮ್ನೆ ತಲೆ ಆಡಿಸ್ಬೇಡ. ಹೂಂ ಅಂದಂಗಾಗುತ್ತೆ.”

“ಅವರ ಭಾಷೆ ಬರಲ್ವಲ್ಲಕ್ಕಾ.”

“ಒಂದು ಕಾಗದದ ಮೇಲೆ ಎಲ್ಲ ಬರೆಸಿ ಇಟ್ಕೋ. ಒಂದು ಕಡೆ ಅವರ ಭಾಷೆ, ಇನ್ನೊಂದು ಕಡೆ ನಮ್ಮದು. ತಂಗಿ ಹೆಸರು, ವಿಳಾಸ, ಫೋನ್ ನಂಬರು. ಆಸ್ಪತ್ರೆ ಪತ್ರ, ವಾಪಸು ಟಿಕೆಟು ಜೊತೆಗಿರಲಿ. ‘ನನಗೆ ನಿಮ್ಮ ಭಾಷೆ ಬರಲ್ಲ, ದಯವಿಟ್ಟು ಭಾಷೆ ಗೊತ್ತಿರೋರನ್ನ ಕರೀರಿ’ ಅಂತಾನೂ ಬರೆಸು. ಕೇಳೋದ್ರಲ್ಲಿ ನಾಚಿಕೆ ಏನಿದೆ?”

“ಎಲ್ಲಾ ಫೋನಲ್ಲೇ ಇದೆಯಲ್ಲ” ಅಂತ ನಾನು ನಡುವೆ ಬಾಯಿ ಹಾಕಿದೆ.

“ಫೋನು ಸತ್ತರೆ? ಇಳಿಯೋ ಹೊತ್ತಿಗೆ ಅರ್ಧ ಜನರ ಫೋನು ಸತ್ತಿರುತ್ತೆ. ವಿಳಾಸ ಗೊತ್ತಿಲ್ದೆ ಕಣ್ಣು ಕಣ್ಣು ಬಿಡೋರನ್ನ ಎಷ್ಟು ಜನ ನೋಡಿದ್ದೀನಿ. ಕಾಗದಕ್ಕೆ ಬ್ಯಾಟರಿ ಬೇಕಿಲ್ಲ.”

ನನ್ನ ಹೆಂಡತಿ ಕೈಚೀಲ ಮುಂದಿಟ್ಟಳು. ಗಾಲಿ ಅಕ್ಕ ಒಳಗೆ ಕೈ ಹಾಕಿ ದೊಡ್ಡ ಕತ್ತರಿಯೊಂದನ್ನು ಹೊರತೆಗೆದರು. ಅವಳು ಕತ್ತರಿ ಇಲ್ಲದೆ ಬೀದಿಗೂ ಇಳಿಯುವವಳಲ್ಲ.

“ವಿಮಾನದೊಳಗೆ ಯಾರ ಪ್ಯಾಂಟು ಗಿಡ್ಡ ಮಾಡ್ತೀಯಮ್ಮಾ? ಇದು ಸೂಟ್‌ಕೇಸಿಗೆ. ಮಾತ್ರೆ ಇದ್ರೆ ಡಾಕ್ಟರ ಚೀಟಿ ಜೊತೆ ಕೈಚೀಲಕ್ಕೆ. ಇನ್ನೊಂದು ಮಾತು. ಯಾರಾದ್ರೂ ಇದೊಂದು ಪೊಟ್ಟಣ ಅಲ್ಲಿ ತಲುಪಿಸಿಬಿಡಿ ಅಂದ್ರೆ, ಎಷ್ಟೇ ಬೇಕಾದವರಾದ್ರೂ ಸರಿ, ಆಗಲ್ಲ ಅನ್ನು. ಒಳಗೇನಿದೆ ಅಂತ ನಿನಗೇನು ಗೊತ್ತು?”

ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಆದರೂ ಮೇಜಿನ ಮುಂದೆ ನಿಂತು “ಯಾಕೆ ಬಂದಿದ್ದೀರಿ?” ಎಂಬ ಪ್ರಶ್ನೆಗೆ ಉತ್ತರ ಹೇಳಹೊರಟಾಗ ಸಾಲಾಗಿ ಮೂರು ಸಲ ಸೀನಿ ಹಿಂದೆ ಸರಿದಳು.

“ಪಳಗಿದೋರು ಮೊದಲು ಮಾಡಿ ತೋರಿಸ್ಲಿ” ಅಂದರು ಗಾಲಿ ಅಕ್ಕ. “ಬನ್ನಿ ಫ್ಲ್ಯಾಶಣ್ಣ.”

ಬಿಡುತ್ತೇನೆಯೇ? ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಮೀಸೆ ತಿರುವಿ, ಟೇಪಿನ ಸಾಲಿನಲ್ಲಿ ಗತ್ತಿನಿಂದ ನಡೆದು ಮೇಜಿನ ಮುಂದೆ ನಿಂತೆ. ಗಾಲಿ ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅದೇ ನೋಟ. ಎರಡು ವರ್ಷದ ಹಿಂದೆ ಆ ಕಿಟಕಿಯ ಹಿಂದಿದ್ದ ನೋಟ.

“ಹೂಂ. ಯಾಕೆ ಬಂ...”

“ಕೆಲಸ ಅಲ್ಲ!” ಎಂದು ಕೂಗಿದೆ. “ಕೆಲಸ ಅಲ್ಲ ಸ್ವಾಮೀ! ಕೆಲಸಕ್ಕೆ ಬಂದಿಲ್ಲ!”

ಗಾಲಿ ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ರೀ” ಅಂದಳು ನನ್ನ ಹೆಂಡತಿ. “ಕೆಲಸ ಅಂತ ಯಾರಂದ್ರು?”

ಇನ್ನೇನು ಉಳಿದಿತ್ತು? ಸ್ಟೂಲಿನ ಮೇಲೆ ಕುಸಿದು ಕೂತು ಹೇಳಿದೆ. ನಾದಿನಿ ಹೊಸ ಮನೆಗೆ ಹೋದಾಗ ನೋಡಿ ಬರಲು ಹೋಗಿದ್ದೆನಲ್ಲ, ಆವತ್ತು ಅಧಿಕಾರಿ ಎದ್ದೂ ನಿಲ್ಲಲಿಲ್ಲ, ಕೈಯೂ ಮುಗಿಯಲಿಲ್ಲ. ಯಾಕೆ ಬಂದೆ ಅಂತ ಕೇಳಿದ. ನಾವು ಯಾರ ಮನೆಗೆ ಹೋದರೂ ‘ಸ್ವಲ್ಪ ಕೆಲಸ ಇತ್ತು, ಬಂದೆ’ ಅನ್ನುವುದಿಲ್ಲವೇ? ಹಾಗೇ ಬಾಯಿಗೆ ಬಂತು. ಕೆಲಸಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೆ ಎಂಬ ಒಂದೇ ಪದ ನನಗೆ ಗೊತ್ತಿತ್ತು. ಎದೆ ಉಬ್ಬಿಸಿ ಅದನ್ನೇ ಹೇಳಿದೆ. ಕೊರಳಲ್ಲಿ ಎರಡು ದೊಡ್ಡ ಕ್ಯಾಮೆರಾ. ಸಾಲದ್ದಕ್ಕೆ ಸಾಲಿನಲ್ಲಿ ನಿಂತಾಗ, ಫೋಟೋ ತೆಗೆಯಬೇಡಿ ಎಂಬ ಫಲಕದ್ದೇ ಒಂದು ಫೋಟೋ ತೆಗೆದಿದ್ದೆ.

ಗಾಲಿ ಅಕ್ಕ ಹಣೆ ಹಣೆ ಬಡಿದುಕೊಂಡರು. “ಅಯ್ಯೋ ಪುಣ್ಯಾತ್ಮ! ನಮ್ಮ ಬಾಯಲ್ಲಿ ಕೆಲಸ ಅಂದ್ರೆ ಹರಟೆಗೆ ಹೋದ್ರೂ ಕೆಲಸಾನೇ. ಆ ಕಿಟಕಿ ಮುಂದೆ ಕೆಲಸ ಅಂದ್ರೆ ಸಂಬಳದ ಕೆಲಸ. ನೋಡಿ ಹೋಗೋ ವೀಸಾ ಇಟ್ಕೊಂಡು ಕೆಲಸಕ್ಕೆ ಬಂದೆ ಅಂದ್ರೆ ಪಕ್ಕಕ್ಕೆ ಕರೀದೆ ಏನ್ಮಾಡ್ತಾರೆ?”

“ಕರೆದ್ರು. ಪಕ್ಕದ ಕೋಣೆಗೆ.”

“ಬೈದ್ರಾ?” ಅಂದಳು ಹೆಂಡತಿ.

“ಇಲ್ಲ.”

“ಹೊಡೆದ್ರಾ?”

“ಛೆ, ಇಲ್ಲ. ಕುರ್ಚಿ ಕೊಟ್ರು. ನೀರು ಕೊಟ್ರು. ನಮ್ಮ ಭಾಷೆ ಬರೋ ಒಬ್ಬ ಹೆಂಗಸನ್ನ ಫೋನಲ್ಲಿ ಹಿಡಿದು ಕೊಟ್ರು. ಆಯಮ್ಮ ಕೇಳಿದ್ಲು, ನಿಜವಾಗ್ಲೂ ಯಾಕೆ ಬಂದ್ರಿ ಅಂತ. ನಾದಿನಿ ನೋಡೋಕೆ ಅಂದೆ. ಅವಳಿಗೆ ಫೋನು ಮಾಡಿ ಕೇಳಿದ್ರು. ಒಂದೂವರೆ ಗಂಟೆ. ಆಮೇಲೆ ಮುದ್ರೆ ಒತ್ತಿ ಬಿಟ್ರು.”

ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಮೇಜಿಗೆ ಒರಗಿ, ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಅಂದಳು:

“ಅಷ್ಟು ತಪ್ಪು ಮಾಡಿದ ನಿಮ್ಮನ್ನೇ ಬಿಟ್ರು ಅಂದ್ಮೇಲೆ, ಇದ್ದದ್ದು ಇದ್ದಂಗೆ ಹೇಳೋ ನನ್ನನ್ನ ಯಾಕ್ರೀ ಬಿಡಲ್ಲ? ಈ ಮಾತು ಎರಡು ವರ್ಷದ ಹಿಂದೇನೇ ಹೇಳೋಕೆ ನಿಮಗೇನಾಗಿತ್ತು?”

ನೆಟ್ಟಗಾಗಿ ಮೇಜಿನ ಮುಂದೆ ನಿಂತಳು. “ಕೇಳಿ ಅಕ್ಕಾ.”

“ಯಾಕೆ ಬಂದಿದ್ದೀರಿ?”

“ನನ್ನ ತಂಗಿಗೆ ಆಪರೇಷನ್ ಇದೆ. ಅವಳ ಜೊತೆ ಇರೋಕೆ ಬಂದೆ. ಮೂರು ವಾರ. ಇದು ವಿಳಾಸ, ಇದು ವಾಪಸು ಟಿಕೆಟು.”

“ಊರಲ್ಲಿ ಏನು ಮಾಡ್ಕೊಂಡಿದ್ದೀರಿ?”

“ದರ್ಜಿ.”

“ಹೋಗಿ ಬಾ ತಾಯಿ” ಎಂದು ಗಾಲಿ ಅಕ್ಕ ಸಾಬೂನು ಬಿಲ್ಲೆಯಿಂದ ಅವಳ ಅಂಗೈ ಮೇಲೆ ಮುದ್ರೆ ಒತ್ತಿದರು, ಬಟ್ಟೆಗೆ ಗುರುತು ಹಾಕುವ ಬಿಲ್ಲೆ.

ಸೋಮವಾರ ಹೋದಳು. ಮಂಗಳವಾರ ಮಧ್ಯಾಹ್ನದವರೆಗೆ ನಾನು ಸ್ಟುಡಿಯೋದಲ್ಲಿ ತೆಗೆದ ಫೋಟೋಗಳೆಲ್ಲ ಮಸುಕು. ಕೊನೆಗೆ ನಾದಿನಿಯ ಫೋನಿನಿಂದ ಕರೆ ಬಂತು.

“ರೀ, ತಲುಪಿದೆ. ನನ್ನ ಫೋನು ಸತ್ತೇಹೋಯ್ತು, ಕಾಗದ ಇತ್ತಲ್ಲ! ಮೊದಲು ತಪ್ಪು ಸಾಲಲ್ಲಿ ನಿಂತಿದ್ದೆ, ಆ ದೇಶದೋರ ಸಾಲು. ಸಮವಸ್ತ್ರ ಹಾಕ್ಕೊಂಡಿದ್ದ ಒಬ್ಬರಿಗೆ ಕಾಗದ ತೋರಿಸ್ದೆ, ಕರ್ಕೊಂಡು ಹೋಗಿ ಸರಿಯಾದ ಸಾಲಿಗೆ ಬಿಟ್ರು. ಹನ್ನೆರಡು ಕಿಟಕಿ, ತೆಗೆದಿದ್ದು ನಾಲ್ಕೇ. ಕಾಲು ನೋವು ಬಂತು. ಐವತ್ತು ನಿಮಿಷ ಆಯ್ತು. ಸೀನಿದೆ ಕೂಡ.”

“ಅಧಿಕಾರಿ ಏನಂದ?”

“ಮೂಗು ಒರೆಸೋ ಕಾಗದ ಕೊಟ್ಟ. ಆಮೇಲೆ ಆಸ್ಪತ್ರೆ ಪತ್ರ ಓದಿ, ತಂಗಿ ಬೇಗ ಹುಷಾರಾಗ್ಲಿ ಅಂದನಂತೆ, ನಮ್ಮ ಭಾಷೆ ಬರೋ ಪಕ್ಕದೋರು ಹೇಳಿದ್ರು. ಮತ್ತೆ ಕೇಳಿ, ಸಾಲು ಎಷ್ಟುದ್ದ ಅಂತ ಹೆಜ್ಜೆ ಎಣಿಸಿದೀನಿ. ನೂರ ನಲವತ್ತು.”

ಗುರುವಾರ ನಾದಿನಿ ಕಣ್ಣು ಬಿಟ್ಟಾಗ ಪಕ್ಕದ ಕುರ್ಚಿಯಲ್ಲಿ ಅವಳ ಅಕ್ಕ ಕೂತು, ಆಸ್ಪತ್ರೆಯ ನಿಲುವಂಗಿಗೆ ಕಿತ್ತುಹೋಗಿದ್ದ ಗುಂಡಿ ಹಾಕುತ್ತಿದ್ದಳಂತೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಮೊದಲ ಸಲ ಹೊರದೇಶಕ್ಕೆ ಹೊರಟಿರಬಹುದು. ಹೊರಡುವ ಮುಂಚೆ ವಿಳಾಸ, ಫೋನ್ ನಂಬರು, ಹೋಗುವ ಕಾರಣ ಕಾಗದದ ಮೇಲೆ ಬರೆಸಿಕೊಳ್ಳಿ. ಮನೆಯ ಮೇಜಿನ ಮುಂದೆ ಎರಡು ಸಲ ಹೇಳಿಸಿ ನೋಡಿ. ವೀಸಾ ಯಾವುದಕ್ಕೆ ಕೊಟ್ಟಿದ್ದಾರೋ ಅದನ್ನೇ ಮಾಡಿ, ಅದನ್ನೇ ಹೇಳಿ. ವಯಸ್ಸಾದವರು, ನಡೆಯಲಾಗದವರು ಇದ್ದರೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಿ. ಪಕ್ಕಕ್ಕೆ ಕರೆದರೆ ಗಾಬರಿಯಾಗಬೇಡಿ, ಭಾಷೆ ತಿಳಿದವರನ್ನು ಕೇಳಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಹೋಗಿ ಬಂದವರಲ್ಲಿ ನನ್ನದೊಂದು ಬೇಡಿಕೆ: ಅಲ್ಲಿ ಎಡವಿದ್ದನ್ನು ಮುಚ್ಚಿಡಬೇಡಿ. ಮುಂದೆ ಹೋಗುವವರಿಗೆ ಧೈರ್ಯ ಬರುವುದು ಅದರಿಂದಲೇ.

ಇಲ್ಲಿಗೆ ಮುಗಿಸೋಣ ಎಂದಿದ್ದೆ. ಆದರೆ ನನ್ನ ಹೆಂಡತಿ ಊರಿಗೆ ಬಂದಿದ್ದಾಳೆ, ಬರೆಯುವಾಗ ಹಿಂದೆಯೇ ನಿಂತಿದ್ದಾಳೆ. “ಮೀಸೆ ವಿಷಯ?” ಅನ್ನುತ್ತಿದ್ದಾಳೆ.

ಮೀಸೆ ಸಾಲಿನಲ್ಲಿ ಬೆಳ್ಳಗಾದದ್ದು ನಿಜ ಎಂದೇ ವಾದಿಸುತ್ತಿದ್ದೆ. ಆದರೆ ಆವತ್ತು ನಾನು ಹೊರಬಂದ ಕೂಡಲೇ ನಾದಿನಿ ಒಂದು ಫೋಟೋ ತೆಗೆದಿದ್ದಳು. ಯಾರಿಗೂ ಹೇಳಬೇಡ, ತೋರಿಸಬೇಡ ಎಂದು ಕಾಲು ಹಿಡಿದಿದ್ದೆ. ಅಕ್ಕನಿಗೆ ಕೊಟ್ಟು ಕಳಿಸಿದ್ದಾಳೆ. ಈಗ ಅದು ನನ್ನದೇ ಸ್ಟುಡಿಯೋದ ಗಾಜಿನಲ್ಲಿ, ಬೀದಿಗೆ ಮುಖ ಮಾಡಿ ನೇತಾಡುತ್ತಿದೆ. ಒಂದು ಕಡೆ ಕಪ್ಪು ಮೀಸೆ, ಇನ್ನೊಂದು ಕಡೆ ಬಿಳಿ, ಮೀಸೆಯಿಂದ ಗಲ್ಲದ ತನಕ ಎರಡು ಕಪ್ಪು ಗೆರೆ.

ಮೀಸೆಗೆ ಬಣ್ಣ ಹಚ್ಚಿದ್ದೆ, ಸ್ವಾಮೀ. ಆ ಕೋಣೆಯಲ್ಲಿ ಕೂತು ಅತ್ತಿದ್ದೆ.