ಜಪಾನಿಗೆ ಹೋಗದ ಕಲ್ಲು

ಜಪಾನ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಮಹಾಲಕ್ಷ್ಮಮ್ಮ ಕೂತಲ್ಲಿಂದ ಎದ್ದು ಹೋಗುತ್ತಿದ್ದರು. ಟಿವಿಯಲ್ಲಿ ಬಂದರೂ ಅಷ್ಟೇ. ಗುಂಡ್ಲುಪೇಟೆಯ ಆ ಮನೆಯಲ್ಲಿ ಕಾರಣ ಗೊತ್ತಿದ್ದವಳು ಮಗಳೊಬ್ಬಳೇ. ಅವಳು ಅದನ್ನು ತನ್ನ ಮಗಳು ಮೇಘನಾಗೆ ಹೇಳಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಮಹಾಲಕ್ಷ್ಮಮ್ಮನ ಗಂಡ ಲಿಂಗಯ್ಯ ಚಾಮರಾಜನಗರದ ಕಡೆ ಒಂದು ಕರಿಕಲ್ಲಿನ ಕ್ವಾರಿಯಲ್ಲಿ ಬಂಡೆ ಸೀಳುವ ಕೆಲಸ ಮಾಡುತ್ತಿದ್ದ. ಒಂದು ಶುಕ್ರವಾರ ಮಧ್ಯಾಹ್ನ, ಸೀಳಿದ ಬಂಡೆ ಜಾರಿ ಅವನ ಮೇಲೆ ಬಿತ್ತು. ಹೆಣ ಮನೆಗೆ ಬಂತು, ಮಣ್ಣಾಯಿತು. ಹನ್ನೊಂದನೇ ದಿನ ಬಂದ ಮೇಸ್ತ್ರಿಯನ್ನು, ಆ ಕಲ್ಲು ಎಲ್ಲಿ ಎಂದು ಆಕೆ ಕೇಳಿದ್ದರು. ಜಪಾನಿಗೆ ಹೋಯಿತು ಎಂದ. ಅಲ್ಲಿಯವರು ನಮ್ಮ ಕರಿಕಲ್ಲನ್ನು ಸಮಾಧಿಗೆ ನಿಲ್ಲಿಸುತ್ತಾರೆ ಎಂದೂ ಹೇಳಿದ. ಅಂದಿನಿಂದ ಆಕೆಯ ಕಣ್ಣಮುಂದೆ ಇದ್ದದ್ದು ಒಂದೇ: ಕಾಣದ ದೇಶದಲ್ಲಿ ಯಾರದೋ ಗೋರಿಯ ಮೇಲೆ ನಿಂತ ಕಲ್ಲು, ಅದರ ಬುಡದಲ್ಲಿ ಊರಿನ ದಾರಿ ತಿಳಿಯದೆ ಕುಕ್ಕರಗಾಲಲ್ಲಿ ಕೂತ ಲಿಂಗಯ್ಯ.

ಈ ವರ್ಷ ಮೇಘನಾ ಸ್ಕಾಲರ್‌ಶಿಪ್ಪಿನ ಅರ್ಜಿ ಕೊಡಲು ಚಾಮರಾಜನಗರಕ್ಕೆ ಹೊರಟಾಗ ಅಜ್ಜಿಯೂ ಜೊತೆಗೆ ಹೋದರು. ಕೆಲಸ ಬೇಗ ಮುಗಿಯಿತು. ಊರಲ್ಲಿ ಹೊಸದಾಗಿ ತೆರೆದ ತೋಟವೊಂದನ್ನು ನೋಡೋಣವೆಂದು ಮೇಘನಾ ಆಟೋ ಹತ್ತಿಸಿದಳು. ಯಾವ ತೋಟವೆಂದು ಹೇಳಲಿಲ್ಲ. ಗೇಟಿನ ಮೇಲಿನ ಬೋರ್ಡು ಓದಲು ಅಜ್ಜಿಗೆ ಬರುತ್ತಿರಲಿಲ್ಲ.

ಒಳಗೆ ಕಾಲಿಟ್ಟಿದ್ದೇ ರಸ್ತೆಯ ಸದ್ದು ನಿಂತುಹೋಯಿತು. ಹೂವೇ ಇಲ್ಲದ ತೋಟ. ಪುಟ್ಟ ಕೊಳ, ಅದಕ್ಕೊಂದು ಡೊಂಕು ಸೇತುವೆ, ಗುಂಡಗೆ ಕತ್ತರಿಸಿದ ಗಿಡಗಳು. ಮೂಲೆಯಲ್ಲಿ ಒಂದು ಬಿದಿರ ಕೊಳವೆ ನೀರು ತುಂಬಿ ಬಾಗಿ, ಖಾಲಿಯಾಗಿ, ಹಿಂದಕ್ಕೆ ಬಿದ್ದು ಕಲ್ಲಿಗೆ ಬಡಿಯುತ್ತಿತ್ತು. ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಮಹಾಲಕ್ಷ್ಮಮ್ಮ ಅದರತ್ತ ತಿರುಗಿದರು. ಬಂಡೆ ಸೀಳುವ ಮುಂಚೆ ಲಿಂಗಯ್ಯ ಹಾಗೆಯೇ ಸುತ್ತಿಗೆಯಲ್ಲಿ ಒಂದು ಪೆಟ್ಟು ಹಾಕಿ, ಕಿವಿಗೊಟ್ಟು, ತಡೆದು, ಇನ್ನೊಂದು ಹಾಕುತ್ತಿದ್ದ.

"ಇದ್ಯಾವ ತೋಟ ಕಣಮ್ಮಿ?"

"ಜಪಾನ್ ತೋಟ ಅಜ್ಜಿ. ಅಲ್ಲಿ ತರಾನೇ ಮಾಡವ್ರೆ."

ಆಕೆ ಸರಕ್ಕನೆ ಹಿಂತಿರುಗಿ ನಡೆದರು. ಗೇಟು ಯಾವ ಕಡೆ ಎಂದು ತಿಳಿಯದೆ ಗಿಡಗಳ ಮರೆಯ ದಾರಿ ಹಿಡಿದು ಒಂದು ಬಯಲಿಗೆ ಬಂದರು. ಬಿಳಿಯ ಸಣ್ಣ ಜಲ್ಲಿ ಹರಡಿ, ನೀರಿನ ಅಲೆಗಳಂತೆ ಗೆರೆ ಎಳೆದಿದ್ದರು. ನಡುವೆ ಆಳೆತ್ತರದ ಕರಿಕಲ್ಲು. ಅದರ ಒಂದು ಅಂಚಿನಲ್ಲಿ ಚಾಣ ಇಳಿಸಿದ ಕುಳಿಗಳ ಸಾಲು, ಮೈಯ ಮೇಲೆ ಅಡ್ಡಲಾಗಿ ಒಂದು ಬಿಳಿ ಗೆರೆ. ಆಕೆ ಜಲ್ಲಿಯ ಅಂಚಿನಲ್ಲೇ ನಿಂತುಬಿಟ್ಟರು; ಮೇಘನಾ ಹಿಂದೆಯೇ ಬಂದಳು.

ಬಾಚಣಿಗೆಯಂಥ ಹಲ್ಲುಗಳಿದ್ದ ಕೋಲು ಹಿಡಿದು ಜಲ್ಲಿ ಬಾಚುತ್ತಿದ್ದ ಮುದುಕ ಆಕೆಯನ್ನೇ ನೋಡುತ್ತ ನಿಂತ. ಅವನು ಅಪ್ಸರ್ ಪಾಷಾ, ಕ್ವಾರಿಯಲ್ಲಿ ಲಿಂಗಯ್ಯನ ಜೊತೆಗಾರ. ಹೆಣದ ಜೊತೆ ಮನೆಗೆ ಬಂದವನು ಆಮೇಲೆ ಮುಖ ತೋರಿಸಿರಲಿಲ್ಲ.

"ಅಕ್ಕಾ, ಅದೇ ಕಲ್ಲು," ಎಂದ.

ಅವನು ತಡೆತಡೆದು ಎಲ್ಲ ಹೇಳಿದ. ಕಲ್ಲು ಎಲ್ಲಿಗೂ ಹೋಗಿರಲಿಲ್ಲ. ತೊಳೆದಾಗ ಬಿಳಿ ಗೆರೆ ಕಂಡಿತು. ಗೆರೆಯಿದ್ದ ಕಲ್ಲನ್ನು ಹೊರದೇಶದವರು ಮುಟ್ಟುವುದಿಲ್ಲ. ಇಪ್ಪತ್ತು ವರ್ಷ ಮುಳ್ಳಿನ ಪೊದೆಯಲ್ಲಿ ಬಿದ್ದಿದ್ದು, ಕಡೆಗೆ ಈ ತೋಟಕ್ಕೆ ಬಂತು. ಸುದ್ದಿ ತಿಳಿದ ಪಾಷಾ ಕೇಳಿಕೊಂಡು ಮಾಲಿಯ ಕೆಲಸಕ್ಕೆ ಸೇರಿದ್ದ.

"ಅವತ್ತು ಹಾರೆ ಹಿಡಿಯೋ ಸರದಿ ನಂದು. ನೀ ನಮಾಜಿಗೋಗ್ಬುಟ್ಟು ಬಾ, ನಾ ನೋಡ್ಕೋತೀನಿ ಅಂದ ಲಿಂಗಯ್ಯ."

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಸಂಜೆ ಜಲ್ಲಿ ಬಾಚಿ ಗೇಟಿಗೆ ಬೀಗ ಹಾಕುತ್ತಾನೆ. ಬೆಳಿಗ್ಗೆ ನೋಡಿದರೆ ಕಲ್ಲಿನ ಬುಡದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತ ಗುರುತು. ಬಂದ ಹೆಜ್ಜೆ ಇಲ್ಲ, ಹೋದ ಹೆಜ್ಜೆಯೂ ಇಲ್ಲ.

"ನಾಯಿ ಅನ್ಕೊಂಡೆ. ನಾಯಿ ಆದ್ರೆ ಹೆಜ್ಜೆ ಇರ್ತದಲ್ಲಕ್ಕ."

ಮಹಾಲಕ್ಷ್ಮಮ್ಮ ಕಲ್ಲಿನ ಬುಡ ನೋಡಿದರು. ಈಗಷ್ಟೇ ಬಾಚಿದ ಜಲ್ಲಿಯಲ್ಲಿ ಅಂಗಾಲಿನಗಲದ ಎರಡು ತಗ್ಗುಗಳಿದ್ದವು. ಮೇಘನಾ ಕೂಡ ನೋಡಿದಳು. ನೋಡಿ ಅಜ್ಜಿಯ ಸೆರಗು ಹಿಡಿದುಕೊಂಡಳು.

ಅಜ್ಜಿ ಸೆರಗು ಬಿಡಿಸಿಕೊಂಡು, ಚಪ್ಪಲಿ ಕಳಚಿ ಜಲ್ಲಿಯ ಮೇಲೆ ನಡೆದರು. ಪಾಷಾ ತಡೆಯಲಿಲ್ಲ. ಸುಡುಬಿಸಿಲಲ್ಲಿದ್ದ ಕಲ್ಲು ಬಾವಿಯ ನೀರಿನಂತೆ ತಣ್ಣಗಿತ್ತು. ಆಕೆ ಆ ತಗ್ಗುಗಳ ಎದುರಿಗೆ ಕೂತು ಬಹಳ ಹೊತ್ತು ಮೆಲ್ಲಗೆ ಮಾತಾಡಿದರು. ಮಗಳ ಮದುವೆಯಾದದ್ದು, ಮೊಮ್ಮಗಳು ಹುಟ್ಟಿದ್ದು, ಹೆಂಚು ತೆಗೆಸಿ ತಾರಸಿ ಹಾಕಿಸಿದ್ದರಿಂದ ಮನೆ ಈಗ ಗುರುತು ಸಿಗದು ಎನ್ನುವುದು, ಎಲ್ಲ. ಕಡೆಗೆ ಮಂಡಿಗೆ ಕೈಕೊಟ್ಟು ಎದ್ದರು.

"ಸಾಕು, ಎದ್ದೇಳಿ. ಊರ್ಗೋಗನ ಬನ್ನಿ."

ಜಲ್ಲಿ ಸರಸರ ಅಂದಿತು. ಅಜ್ಜಿ ಇನ್ನೂ ಹೆಜ್ಜೆ ಕಿತ್ತಿಟ್ಟಿರಲಿಲ್ಲ. ಆ ಸದ್ದು ಮೇಘನಾಗೂ ಕೇಳಿಸಿತು.

ಗೇಟಿನ ಹತ್ತಿರ ಪಾಷಾ ತಲೆ ಬಗ್ಗಿಸಿ ನಿಂತ. ಆಕೆ ಅವನ ತೋಳು ಮುಟ್ಟಿದರು. "ನೀ ಬದುಕಿದ್ದುಕ್ಕೆ ಅವ್ರ್ಗೇನೂ ಬೇಜಾರಿಲ್ಲ ಕಣಪ್ಪ. ಇನ್ಮೇಲೆ ಕಲ್ಲು ಕಾಯ್ಬೇಡ."

ಗುಂಡ್ಲುಪೇಟೆ ಬಸ್ಸಿನಲ್ಲಿ ಮೂವರು ಕೂರುವ ಸೀಟು ಸಿಕ್ಕಿತು. ಅಜ್ಜಿ ಕಿಟಕಿಯ ಜಾಗ ಬಿಟ್ಟು ನಡುವೆ ಕೂತರು. ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಇಬ್ಬರಿಗೂ ಹೆಂಗಸರ ಟಿಕೆಟ್ ಹರಿದುಕೊಟ್ಟ. ಆಕೆ ಸೊಂಟದ ಚೀಲದಿಂದ ನೋಟು ತೆಗೆದು, ಗಂಡಸರದೊಂದು ಟಿಕೆಟ್ ಕೊಡಪ್ಪ ಎಂದರು. ಗಂಡಸರು ಎಲ್ಲಿ ಎಂದು ಅವನು ಕೇಳಿದರೂ ನೋಟು ಚಾಚಿಯೇ ಇದ್ದರು. ಅವನು ಹರಿದುಕೊಟ್ಟು ಮುಂದೆ ಹೋದ.

ತೆರಕಣಾಂಬಿಯಲ್ಲಿ ಬಸ್ಸು ತುಂಬಿತು. ಚೀಲ ಹೊತ್ತ ಒಬ್ಬಾತ ಬಾಗಿ, ಕಿಟಕಿಯ ಹತ್ತಿರ ಯಾರಾದರೂ ಇದ್ದಾರಾ ಎಂದು ಕೇಳಿದ. ಅಜ್ಜಿ ಬಾಯಿ ತೆರೆಯುವ ಮೊದಲೇ ಮೇಘನಾ ಹೇಳಿದಳು:

"ಜನ ಅವ್ರೆ."