ಆರಿಸಿಟ್ಟ ದೀಪ

"ಚಾ ಆರಾಕತ್ತೈತ್ರಿ ಸಾಹೇಬ್ರ. ಹೊರಗ ಬಂದು ಕುಡುದು ಆಮ್ಯಾಲ ಮಾಡ್ರಲ್ಲ," ಎಂದಳು ಸುಗಲಮ್ಮ.

ಗುರುಸಿದ್ದಪ್ಪನವರು ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ, ಕಾಲನ್ನು ಬಾಗಿಲಾಚೆ ಚಾಚಿ, ಕೇಬಲ್ಲಿನ ತುದಿಯನ್ನು ಅದರ ಕಿಂಡಿಗೆ ಸಿಕ್ಕಿಸಲು ಹೆಣಗುತ್ತಿದ್ದರು. ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸ. ಈ ಕಾರು ತಮ್ಮದಾಗಿದ್ದಾಗ ಎಷ್ಟು ಭಾನುವಾರ ಮಾಡಿದ್ದರೋ ಲೆಕ್ಕವಿಲ್ಲ. ಈ ಭಾನುವಾರ ಮಾತ್ರ ತುದಿ ಕಿಂಡಿಗೆ ಕೂರುತ್ತಿರಲಿಲ್ಲ.

"ಬಂದೆ ತಂಗಿ, ಎರಡ ನಿಮಿಷ," ಎಂದರು. ಆಕೆಯ ಮುಖ ನೋಡಬೇಕಾಗಿ ಬರಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು.

ಮಲ್ಕಾಜಗಿರಿಯ ಆ ಓಣಿಯಲ್ಲಿ ಕಾರು ನಿಂತರೆ ಅರ್ಧ ದಾರಿ ಮುಚ್ಚಿಹೋಗುತ್ತಿತ್ತು. ಆದರೂ ಅಕ್ಕಪಕ್ಕದವರು ಯಾರೂ ತಕರಾರು ಮಾಡಿರಲಿಲ್ಲ. ಶಹಾಪುರದ ಕಡೆಯಿಂದ ಈ ತೆಲುಗು ನಗರಕ್ಕೆ ಗಾರೆ ಕೆಲಸಕ್ಕೆಂದು ಬಂದು, ಇಪ್ಪತ್ತು ವರ್ಷ ದುಡಿದು, ಈಗ ಎಂಟು ಮಂದಿಗೆ ಕೆಲಸ ಕೊಡುವ ಮೇಸ್ತ್ರಿಯಾಗಿರುವ ಮೌನಪ್ಪ ಕಾರು ತಂದದ್ದು ಓಣಿಗೇ ಹೆಮ್ಮೆಯ ಸಂಗತಿಯಾಗಿತ್ತು. ಸಾಹೇಬರು ತಾವಾಗಿಯೇ ಮನೆಗೆ ಬಂದದ್ದನ್ನು ಕಂಡು ಅವನು ಹೆಂಡತಿ ಸುಗಲಮ್ಮನಿಗೆ ಚಹಾಕ್ಕೆ ಹೇಳಿ ಮಿರ್ಚಿ ಭಜಿ ತರಲು ಮೂಲೆಯ ಅಂಗಡಿಗೆ ಓಡಿದ್ದ. "ಒಂದು ಸೆಟ್ಟಿಂಗ್ ಮಾಡೂದು ಬಿಟ್ಟಿತ್ತು, ನೀವು ಊರಿಗೆ ಹೊಂಟೀರಲ್ಲ, ಮಾಡಿ ಹೋಗ್ತೀನಿ," ಎಂದು ಗುರುಸಿದ್ದಪ್ಪ ಹೇಳಿದ್ದರು. ಮಾತು ಸುಳ್ಳೇನಲ್ಲ. ಯಾವ ಸೆಟ್ಟಿಂಗ್ ಎಂದು ಹೇಳಿರಲಿಲ್ಲ, ಅಷ್ಟೇ.

ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಮೇಲೆ ಅವರಿಗೆ ಹತ್ತಿದ ಹುಚ್ಚು ಇದು. ಕಾರಿನೊಳಗಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ, ಕಂಪನಿಯವರು ಒಳಗಿಟ್ಟು ಬಾಗಿಲು ಹಾಕಿದ ಸೌಲಭ್ಯಗಳನ್ನು ಒಂದೊಂದಾಗಿ ತೆರೆಯುವುದು. ಬಾಗಿಲಿಗೆ ಬೀಗ ಬಿದ್ದೊಡನೆ ಪಕ್ಕದ ಕನ್ನಡಿಗಳು ತಾವೇ ಮಡಚಿಕೊಳ್ಳುವಂತೆ, ಕೀಲಿ ಒತ್ತಿಹಿಡಿದರೆ ಗಾಜುಗಳು ಏರುವಂತೆ, ಇಳಿದು ಮನೆ ಸೇರುವವರೆಗೆ ಹೆಡ್‌ಲೈಟು ಉರಿಯುವಂತೆ. ಕಾಲೊನಿಯವರೆಲ್ಲ ತಮ್ಮ ಕಾರುಗಳನ್ನು ಅವರ ಗೇಟಿನ ಮುಂದೆ ತಂದು ನಿಲ್ಲಿಸುತ್ತಿದ್ದರು. ಅವರು ಒಂದು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ನರಸಿಂಹ, "ನೀವು ಜರ್ಮನಿಯಲ್ಲಿ ಇರಬೇಕಾಗಿತ್ತು ಸಾರ್," ಎಂದು ತೆಲುಗಿನಲ್ಲಿ ಹೊಗಳಿದ್ದನ್ನು ಹೆಂಡತಿ ಗುಣವತಿಯ ಮುಂದೆ ಮೂರು ಸಲವಾದರೂ ಹೇಳಿದ್ದರು.

ಹಿಂದಿನ ವರ್ಷ ಅವರ ಕಾರಿನಲ್ಲೇ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಂಡಿತು. ಎಡಗಡೆ, ಚಾಲಕನ ಪಕ್ಕದಲ್ಲಿ ಕೂತವರಿಗಾಗಿ ಇರುವ ಚೀಲ ಅದು. ಗಾಡಿ ಎಲ್ಲಾದರೂ ಡಿಕ್ಕಿ ಹೊಡೆದರೆ ಎದೆಗೆ ಅಡ್ಡವಾಗಿ ಉಬ್ಬಬೇಕು. ಅದು ಕೆಟ್ಟಿತ್ತು. ಬದಲಿಸಲು ಸರ್ವಿಸ್ ಸೆಂಟರಿನವರು ಹೇಳಿದ ಖರ್ಚು ಕೇಳಿ, ಆಮೇಲೆ ನೋಡೋಣ ಎಂದು ವಾಪಸು ಬಂದರು. ದೀಪ ಮಾತ್ರ ದಿನವೂ ಕಣ್ಣು ಚುಚ್ಚುತ್ತಿತ್ತು. ಒಂದು ಭಾನುವಾರ ಲ್ಯಾಪ್‌ಟಾಪ್ ಹಚ್ಚಿ ದೀಪವನ್ನು ಆರಿಸಿಬಿಟ್ಟರು. ಕೆಟ್ಟದ್ದು ಕೆಟ್ಟಂತೆಯೇ ಉಳಿಯಿತು. ಅಂದಿನಿಂದ ಗುಣವತಿ ಮುಂದೆ ಕೂರುವುದನ್ನು ಬಿಟ್ಟಳು. ಕೇಳಿದರೆ, "ಮುಂದ ಬಿಸಲು ಬಡೀತೈತ್ರಿ," ಎನ್ನುತ್ತಿದ್ದಳು.

ಕಣ್ಣಿನ ಪೊರೆ ತೆಗೆಸಿದ ಮೇಲೆ ಗುರುಸಿದ್ದಪ್ಪನವರಿಗೆ ಕಾರು ಓಡಿಸುವ ಧೈರ್ಯ ಉಳಿಯಲಿಲ್ಲ. ಮಾರುತ್ತಾರೆಂಬ ಸುದ್ದಿ ತಿಳಿದು ಮೌನಪ್ಪ ಬಂದ. ಕಾಲೊನಿಯ ಕಾಂಪೌಂಡ್ ಗೋಡೆ ಕಟ್ಟಿದವನು ಅವನೇ; ಅಂದಿನಿಂದ ಪರಿಚಯ. ಚಪ್ಪಲಿ ಬಿಟ್ಟು ಕಾರಿನೊಳಗೆ ಕೂತ. ಆಗ ಗುರುಸಿದ್ದಪ್ಪ ಹೇಳಬೇಕೆಂದೇ ಇದ್ದರು. "ಮೌನಪ್ಪ, ಒಬ್ಬ ಮೆಕ್ಯಾನಿಕ್‌ನ ಕರಕೊಂಡು ಬಂದು ತೋರಸು," ಎಂದು ಶುರುಮಾಡಿದ್ದರು ಕೂಡ. ಅವನು ನಕ್ಕುಬಿಟ್ಟ. "ನೀವು ಜ್ವಾಪಾನ ಮಾಡಿದ ಗಾಡಿ ಸಾಹೇಬ್ರ. ಮ್ಯಾಲ ನಮ್ಮ ಕಡಿ ಮಂದಿ. ನಿಮ್ಮಕಿಂತ ಹೆಚ್ಚಿಗಿ ಯಾವ ಮೆಕ್ಯಾನಿಕ್ ನೋಡ್ತಾನ್ರಿ?" ಆ ಮಾತಿನ ಮೇಲೆ ಹೇಳುವುದು ಕಷ್ಟವಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡರು. ಮರುದಿನ ಅವನು ಹಣದ ಜೊತೆ ಕಾರಿಗೆ ಹೂವಿನ ಹಾರವನ್ನೂ ತಂದ. ಸಂಜೆ ಗುಣವತಿ, "ಆ ದೀಪದ ವಿಷಯ ಹೇಳೀರಿಲ್ಲೋ?" ಎಂದಾಗ, "ಹೇಳೀನಿ," ಎಂದು ಪೇಪರಿನ ಪುಟ ತಿರುವಿದರು.

ಎರಡು ತಿಂಗಳ ಮೇಲೆ ಮೌನಪ್ಪನ ಫೋನು. ಅಣ್ಣನ ಬಸುರಿ ಮಗಳ ಕುಬಸಕ್ಕೆ ಕಾರಿನಲ್ಲೇ ಶಹಾಪುರಕ್ಕೆ ಹೋಗುತ್ತೇವೆ, ಸುಗಲಮ್ಮ ಈಗಲೇ ಮುಂದಿನ ಸೀಟು ಹಿಡಿದಿದ್ದಾಳೆ ಎಂದು ನಗುತ್ತ ಹೇಳಿದ್ದ. ಫೋನು ಇಟ್ಟ ಮೇಲೆ ಗುರುಸಿದ್ದಪ್ಪನವರಿಗೆ ಊಟ ಸೇರಲಿಲ್ಲ. ಹೇಳುವ ಬಾಯಿ ಇರಲಿಲ್ಲ. ಆದರೆ ದಾರಿಯೊಂದು ಹೊಳೆಯಿತು. ದೀಪವನ್ನು ಮತ್ತೆ ಹತ್ತುವಂತೆ ಮಾಡುವುದು. ಅವನು ನೋಡುತ್ತಾನೆ, ಗ್ಯಾರೇಜಿಗೆ ಒಯ್ಯುತ್ತಾನೆ. ಆಗ, "ಹಳೇ ಗಾಡಿ ಅಂದ್ರ ಹಿಂಗ ಮೌನಪ್ಪ, ಅರ್ಧ ಖರ್ಚು ನಂದಿರಲಿ," ಎಂದರಾಯಿತು. ಈ ಮಾತನ್ನು ಅವರು ಬಸ್ಸಿನಲ್ಲಿ ಕೂತು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದರು. ಹೇಳಿಕೊಂಡಾಗ ತಾವು ತಮಗೇ ದೊಡ್ಡ ಮನುಷ್ಯರಂತೆ ಕಂಡಿದ್ದರು.

ಕೇಬಲ್ಲು ಕೂತಿತು. ಪರದೆಯ ಮೇಲೆ ತಾವೇ ಬದಲಿಸಿದ್ದ ಅಂಕಿಯನ್ನು ಮೊದಲಿನಂತೆ ಮಾಡಿ ಒತ್ತಿದರು. ಮೀಟರಿನಲ್ಲಿ ಕೆಂಪು ದೀಪ ಮೂಡಿತು, ಕೂತ ಮನುಷ್ಯನೊಬ್ಬನ ಎದೆಯ ಮುಂದೆ ದುಂಡು ಚೆಂಡು ಇದ್ದಂಥ ಚಿತ್ರ. ಅವರು ಕೀಲಿ ತಿರುಗಿಸಿ ಗಾಡಿ ಆರಿಸಿದರು. ಮೌನಪ್ಪ ಬಂದಾಗ ಲ್ಯಾಪ್‌ಟಾಪ್ ಚೀಲ ಸೇರಿತ್ತು. ಸುಗಲಮ್ಮ ಮತ್ತೆ ಬಿಸಿ ಮಾಡಿದ ಚಹಾ ಕುಡಿದು, ಎರಡು ಭಜಿ ತಿಂದು, ಆಕೆ ಕಟ್ಟಿಕೊಟ್ಟ ಸಜ್ಜಿ ರೊಟ್ಟಿಯನ್ನು ಬೇಡವೆನ್ನಲಾರದೆ ಹಿಡಿದುಕೊಂಡು ಬಸ್ ಹತ್ತಿದರು.

ಗುರುವಾರ ಸಂಜೆ ಮೌನಪ್ಪ ಮಗಳು ಉಮಾಶ್ರೀಯನ್ನು ಕರೆದುಕೊಂಡು ಬಂದ. ನಾರಾಯಣಗೂಡದ ಕಾಲೇಜಿನಲ್ಲಿ ಓದುವ ಹುಡುಗಿ, ಹೆಗಲ ಮೇಲೆ ಇನ್ನೂ ಪುಸ್ತಕದ ಚೀಲವಿತ್ತು. ಮೌನಪ್ಪ ಸೋಫಾದ ತುದಿಯಲ್ಲಿ ಕೂತು, ಮಾತು ಎಲ್ಲಿಂದ ತೆಗೆಯಬೇಕೆಂದು ತಿಳಿಯದವನಂತೆ ಕೈ ಉಜ್ಜಿಕೊಂಡ.

"ಸಾಹೇಬ್ರ, ನಿಮಗ ಹೆಂಗ ಹೇಳಬೇಕೋ ತಿಳೀವಲ್ದು. ಗಾಡಿ ಕೆಡಿಸಿಬಿಟ್ಟೀವ್ರಿ."

"ಏನಾತು?"

"ಲಾಲ್ ಬತ್ತಿ ಬಂದೈತ್ರಿ ಮೀಟರಿನ್ಯಾಗ. ನೀವು ಬಂದು ಹೋದ ಮರುದಿನ ನೋಡೀನಿ. ಹೋದ ವಾರ ಮುಂದಿನ ಸೀಟಿಗೆ ಸಾರು ಚೆಲ್ಲಿತ್ತು. ನಮ್ಮಾಕಿ ನೀರು ಹಾಕಿ ತಿಕ್ಕಿ ತೊಳದಾಳ. ಆ ನೀರು ಕೆಳಗ ವೈರಿಗೆ ಇಳದೈತಿ. ನೀವು ಹೂವಿನಂಗ ಇಟ್ಟಿದ್ದ ಗಾಡಿ." ಅವನು ತಲೆ ತಗ್ಗಿಸಿದ. "ಆಕಿಗೆ ಭಾಳ ಬೈದೀನ್ರಿ. ನಿನ್ನ ಕೈಯಾಗ ಒಂದ ಒಳ್ಳೇ ವಸ್ತು ಉಳಿಯೂದಿಲ್ಲ ಅಂದೀನಿ. ಮೂರು ದಿನ ಆತು, ಸರಿಯಾಗಿ ಉಂಡಿಲ್ಲ. ಊರಿಗೆ ಹೋಗೂದೂ ಬ್ಯಾಡ ಅಂದೀನಿ."

ಬಸ್ಸಿನಲ್ಲಿ ಸಿದ್ಧಮಾಡಿದ್ದ ಮಾತು ಗುರುಸಿದ್ದಪ್ಪನವರ ಬಾಯಿಗೆ ಬಂದೇ ಬಿಟ್ಟಿತ್ತು. ಅದರ ರುಚಿ ಗೊತ್ತಾಗಿ ನುಂಗಿಕೊಂಡರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ನಿನ್ನೆ ಗ್ಯಾರೇಜಿಗೆ ಒಯ್ದಿದ್ವಿ," ಎಂದ ಮೌನಪ್ಪ. "ಅವ ಮಷಿನ್ ಹಚ್ಚಿ ಒಂದು ಕಾಗದ ತಗದುಕೊಟ್ಟಾನ. ತೆಲುಗಿನ್ಯಾಗ ದಬದಬಾ ವೈರು, ಸೆನ್ಸಾರು ಅಂತ ಏನೇನೋ ಹೇಳಿದ, ನನಗ ತಲಿಗೆ ಹೋಗ್ಲಿಲ್ಲ. ಈಕಿಗೆ ಓದಿ ಹೇಳು ಅಂದ್ರ, ಅಂಕಲ್ ಕಡಿಂದನ ಓದಸೋಣು ಅಂತಾಳ. ನೋಡ್ರಿ ಇಷ್ಟು."

ಉಮಾಶ್ರೀ ಚೀಲದಿಂದ ಕಾಗದ ತೆಗೆದು ಕೊಟ್ಟಳು. ನಾಲ್ಕು ಮಡಿಕೆ ಮಾಡಿದ್ದಳು. ಕೊಡುವಾಗ ಅವರ ಮುಖವನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ. ಪರೀಕ್ಷೆಯ ಕೋಣೆಯಲ್ಲಿ ಉತ್ತರ ಗೊತ್ತಿದ್ದವರು ಗೊತ್ತಿಲ್ಲದವರನ್ನು ನೋಡುವಂತೆ, ಸುಮ್ಮನೆ ನೋಡಿದಳು. ಈಕೆ ಓದಿದ್ದಾಳೆ ಎಂದು ಅವರಿಗೆ ಆಗಲೇ ತಿಳಿಯಿತು.

ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ದೋಷದ ಹೆಸರು, ಸಂಖ್ಯೆ, ಅದರ ಕೆಳಗೆ ಅದು ಮೊದಲು ಕಾಣಿಸಿಕೊಂಡಾಗ ಗಾಡಿ ಎಷ್ಟು ಓಡಿತ್ತು ಎಂಬ ಸಾಲು. ಆ ಸಾಲನ್ನು ಬಿಟ್ಟು ಓದಬಹುದಾಗಿತ್ತು. ಮೌನಪ್ಪ ಅವರ ಬಾಯನ್ನೇ ನೋಡುತ್ತಿದ್ದ.

"ಎಡಗಡಿ ಏರ್‌ಬ್ಯಾಗ್ ಕೆಲಸ ಮಾಡಾಕತ್ತಿಲ್ಲ ಅಂತ ಬರದೈತಿ," ಎಂದರು. "ಮೊದಲ ಸಲ ಕೆಟ್ಟಿದ್ದು ಅರವತ್ತೊಂದು ಸಾವಿರದ ಇನ್ನೂರ ನಲವತ್ತು ಕಿಲೋಮೀಟರಿಗೆ."

"ಅರವತ್ತೊಂದು?" ಮೌನಪ್ಪನ ಹುಬ್ಬು ಕೂಡಿತು. "ನಾ ತಗೊಂಡಾಗ ಅರವತ್ತಾರು ಸಾವಿರದ ಮ್ಯಾಲ ಓಡಿತ್ತಲ್ರಿ. ಅಂವ ತಪ್ಪು ಬರದಾನೇನು?"

"ಅಂವ ತಪ್ಪು ಬರದಿಲ್ಲ. ಅದು ನನ್ನ ಕೈಯಾಗ ಇದ್ದಾಗನ ಕೆಟ್ಟಿತ್ತು ಮೌನಪ್ಪ. ದೀಪ ಹತ್ತಿತ್ತು. ನಾನ ಲ್ಯಾಪ್‌ಟಾಪ್ ಹಚ್ಚಿ ಆರಿಸಿದ್ದೆ. ನಿನಗ ಹೇಳ್ಲಿಲ್ಲ. ರವಿವಾರ ಬಂದು ಮತ್ತ ಹಚ್ಚಿ ಹೋದಾಂವನೂ ನಾನ. ಆವತ್ತೂ ಹೇಳ್ಲಿಲ್ಲ. ನೀರಿನಿಂದ ಏನೂ ಆಗಿಲ್ಲ."

ಗುಣವತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಹೇಳೀನಿ ಅಂದಿದ್ರಿ," ಎಂದಳು. ಅಷ್ಟೇ. ಒಳಗೆ ಹೋದಳು.

ಮೌನಪ್ಪ ಬೈದಿದ್ದರೆ ಗುರುಸಿದ್ದಪ್ಪ ಬೈಗುಳದ ಮರೆಯಲ್ಲಾದರೂ ಅಡಗುತ್ತಿದ್ದರು. ಅವನು ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು, ತನಗೆ ಓದಲು ಬಾರದ ಆ ಅಕ್ಷರಗಳನ್ನು ನೋಡಿ, ಮಗಳ ಕೈಗೆ ಕೊಟ್ಟ.

"ಆ ಸೀಟಿನ್ಯಾಗ ನನ್ನ ಹೇಣ್ತಿ ಕೂಡ್ತಾಳ್ರಿ," ಎಂದ.

"ಗೊತ್ತೈತಿ."

"ಮೂರು ದಿನ ಆತ್ರಿ ಆಕಿನ್ನ ಬೈದು."

"ಪೂರಾ ಖರ್ಚು ಹಾಕಿ ನಾ ರಿಪೇರಿ ಮಾಡಸ್ತೀನಿ. ನಾಳೆನ."

"ಮಾಡಸ್ರಿ," ಎಂದ ಮೌನಪ್ಪ. ಬೇಡವೆನ್ನಲಿಲ್ಲ, ಉಪಕಾರವೆನ್ನಲೂ ಇಲ್ಲ. ಎದ್ದು ನಿಂತ. "ಅದಕೂ ಮೊದಲ ಒಂದು ಕೆಲಸ ಐತಿ. ನೀವು ನಮ್ಮನಿಗೆ ಬಂದು ಆಕಿಗೆ ಹೇಳಬೇಕು. ನಾ ಹೇಳಿದ್ರ ಆಕಿ ನಂಬೂದಿಲ್ಲ. 'ನೀವು ಬೈದ ತಪ್ಪು ಮುಚ್ಚಾಕ ದೇವರಂಥಾ ಸಾಹೇಬ್ರ ಮ್ಯಾಲ ಹಾಕಾಕತ್ತೀರೇನು' ಅಂತ ನನಗ ಬೈತಾಳ."

ಗೇಟಿನಾಚೆ ಕಾರು ನಿಂತಿತ್ತು. ಗುರುಸಿದ್ದಪ್ಪ ಎಡಗಡೆಯ ಮುಂದಿನ ಬಾಗಿಲಿಗೆ ಕೈ ಹಾಕಿದರು. ಅಲ್ಲಿಯೇ ಕೂರಬೇಕು ಎಂದು ಅವರಿಗೆ ಅನಿಸಿತ್ತು. ಮೌನಪ್ಪ ಕಾರಿನ ಮೇಲಿನಿಂದ ನೋಡಿದ.

"ಮುಂದ ಬ್ಯಾಡ್ರಿ ಸಾಹೇಬ್ರ. ಹಿಂದ ಕೂಡ್ರಿ. ಅದು ಕೆಟ್ಟೈತಿ."

ಅವರು ಹಿಂದೆ ಕೂತರು. ಪಕ್ಕದಲ್ಲಿ ಉಮಾಶ್ರೀ ಕಿಟಕಿಯಾಚೆ ನೋಡುತ್ತಿದ್ದಳು. ಮಲ್ಕಾಜಗಿರಿಯ ರೈಲ್ವೆ ಸೇತುವೆ ದಾಟುವವರೆಗೂ ಮೌನಪ್ಪ ಬಲು ನಿಧಾನವಾಗಿ ಓಡಿಸಿದ, ಹಿಂದಿನವರು ಹಾರ್ನ್ ಹೊಡೆದರೂ.

ಸುಗಲಮ್ಮ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಸಾಹೇಬರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಕಣ್ಣ ಕೆಳಗೆ ಕಪ್ಪಿಟ್ಟಿತ್ತು. "ಬರ್ರಿ, ಬರ್ರಿ," ಎಂದವಳ ದನಿಯಲ್ಲಿ ಹೆದರಿಕೆ ಇತ್ತು. ಬೈಯಲು ಬಂದಿದ್ದಾರೆ ಎಂದುಕೊಂಡಿದ್ದಳು.

ಗುರುಸಿದ್ದಪ್ಪ ಓಣಿಯಲ್ಲೇ ನಿಂತು ಹೇಳಿದರು. ಎದುರು ಮನೆಯ ಹೆಂಗಸು ನಲ್ಲಿಯ ಬಳಿ ಕೊಡ ಹಿಡಿದು ನಿಂತಿದ್ದಳು. ದನಿ ತಗ್ಗಿಸಬೇಕೆನಿಸಿತು, ತಗ್ಗಿಸಲಿಲ್ಲ. ಕೆಟ್ಟದ್ದು ಯಾವಾಗ, ಆರಿಸಿದವರು ಯಾರು, ಭಾನುವಾರ ಆಕೆಯ ಚಹಾ ಕುಡಿಯುವ ಮುಂಚೆ ತಾವು ಏನು ಮಾಡಿದ್ದು ಎಲ್ಲವನ್ನೂ ಹೇಳಿದರು. ಕೊನೆಗೆ, "ನಿನ್ನ ಕೈಯಿಂದ ಏನೂ ಕೆಟ್ಟಿಲ್ಲ ತಂಗಿ," ಎಂದರು.

ಸುಗಲಮ್ಮ ಕೇಳಿಸಿಕೊಂಡಳು. ಅವರತ್ತ ನೋಡಲೇ ಇಲ್ಲ. ಗಂಡನತ್ತ ತಿರುಗಿ, "ಒಂದ ಚರಿಗಿ ನೀರು ಹಾಕಿದ್ದೆ, ಅಷ್ಟಕ್ಕ ಹೆಂಗ ಕೆಡ್ತೈತಿ ಅಂತ ಎಷ್ಟು ಹೇಳ್ದೆ ನಿಮಗ," ಎಂದಳು. ಮೌನಪ್ಪ ಕಾರಿನತ್ತ ನಡೆದ.

ಆಕೆ ಒಳಗೆ ಹೋಗಿ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿದಳು. "ಕೂಡ್ರಿ," ಎಂದಳು, ಮನೆಗೆ ಬಂದ ಯಾರಿಗಾದರೂ ಹೇಳುವಂತೆ. ಅವರು ಕೂರದೆ ಹೊಸ್ತಿಲಲ್ಲೇ ನಿಂತರು. ಉಮಾಶ್ರೀ ಒಂದು ಗ್ಲಾಸು ನೀರು ತಂದು, ಕೈಗೆ ಕೊಡದೆ, ಬಾಗಿಲ ಪಕ್ಕದ ಮೋಟು ಗೋಡೆಯ ಮೇಲಿಟ್ಟಳು. ಗುರುಸಿದ್ದಪ್ಪ ಅದನ್ನು ತೆಗೆದುಕೊಂಡು ನಿಂತೇ ಕುಡಿದರು. ಗಡಿಗೆಯ ನೀರು, ತಣ್ಣಗಿತ್ತು.

ಹೊರಗೆ ಮೌನಪ್ಪ ಹೆಗಲ ಮೇಲಿನ ಟವೆಲಿನಿಂದ ಕಾರಿನ ಮುಂದಿನ ಗಾಜನ್ನು ಒರೆಸುತ್ತಿದ್ದ. ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದ.