ಗಾಡಿಯ ಉಡಿ

ಕಟಕೋಳದ ಗ್ಯಾರೇಜಿಗೆ ಬರುವ ಗಿರಾಕಿಗಳು ಗಾಡಿಯ ರೋಗವನ್ನು ಬಾಯಿಂದಲೇ ಬಾರಿಸಿ ತೋರಿಸುತ್ತಾರೆ. ಒಬ್ಬ ಗರ್ರ್ ಅಂದರೆ ಬೇರಿಂಗು, ಇನ್ನೊಬ್ಬ ಟಕಟಕ ಅಂದರೆ ಮತ್ತೇನೋ. ಮೆಕ್ಯಾನಿಕ್ ವಾಸೀಮ್ ಆ ಸದ್ದನ್ನು ತಾನೂ ಒಮ್ಮೆ ಮಾಡಿ, ಅವರು ಹೌದೌದು ಅಂದ ಮೇಲೆಯೇ ನಟ್ಟು ಬಿಚ್ಚಲು ಪಾನಾ ಎತ್ತುವುದು. ಆದರೆ ಕಲ್ಮೇಶನ ಕಾರಿಗೆ ಸದ್ದೇ ಇರಲಿಲ್ಲ. ಅದು ಸುಮ್ಮನೆ ಕಾಯುತ್ತಿತ್ತು; ಅದರ ಜೊತೆ ಅವನ ಮನೆಮಂದಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದರು.

ಯುಗಾದಿ ಮುಗಿದ ವಾರ ರಾಮದುರ್ಗದ ದಾರಿಯಲ್ಲಿ ಆ ಕಾರಿಗೆ ಎಮ್ಮೆಯೊಂದು ಅಡ್ಡ ಬಂದಿತ್ತು. ಎಮ್ಮೆ ಎದ್ದು ಹೋಯಿತು, ಬಂಪರು ಬಿದ್ದು ಉಳಿಯಿತು. ಅದನ್ನು ಕೂಡಿಸಿಕೊಟ್ಟವನು ವಾಸೀಮನೇ. ಅಂದಿನಿಂದ ಊರು ಬಿಟ್ಟು ದೂರ ಹೋದಾಗಲೆಲ್ಲ ಕಾವಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆಂದು ಕಲ್ಮೇಶನ ದೂರು.

ಎಮ್ಮೆಯ ಪೆಟ್ಟೇ ಇರಬೇಕೆಂದು ವಾಸೀಮ್ ರೇಡಿಯೇಟರು ಇಳಿಸಿ ನೋಡಿದ, ತೊಳೆದ. ಥರ್ಮೋಸ್ಟಾಟ್ ಬದಲಿಸಿದ, ಆಮೇಲೆ ವಾಟರ್ ಪಂಪು. ಫ್ಯಾನು ತಿರುಗುತ್ತಿತ್ತು, ನೀರು ಸೋರುತ್ತಿರಲಿಲ್ಲ, ಆಯಿಲಿಗೆ ನೀರು ಬೆರೆತ ಬಿಳುಪೂ ಇರಲಿಲ್ಲ. ಪ್ರತಿಸಲ ತಾನೇ ಹತ್ತು ಮೈಲಿ ಓಡಿಸಿ ಬಂದ. ಮುಳ್ಳು ನಡುಮಧ್ಯದಿಂದ ಕದಲಲಿಲ್ಲ. ಕಲ್ಮೇಶ ಮನೆಗೆ ಒಯ್ದು ಮಂದಿ ಹತ್ತಿಸಿಕೊಂಡು ಹೊರಟರೆ ಮತ್ತೆ ಅದೇ ಕುದಿ.

ರಾಮದುರ್ಗದ ಮಿಸ್ತ್ರಿಯೊಬ್ಬ ಫೋನಿನಲ್ಲೇ ನಾಡಿ ಹಿಡಿದಿದ್ದ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು. ಕಲ್ಮೇಶ ಅದನ್ನು ಆ ಮಿಸ್ತ್ರಿಯ ಮೂಗಿನ ದನಿಯಲ್ಲೇ ಹೇಳಿ ತೋರಿಸಿದ. ವಾಸೀಮ್ ನಗಲಿಲ್ಲ. ಗ್ಯಾರೇಜು ತೆಗೆದು ಎರಡು ವರ್ಷವೂ ತುಂಬಿರಲಿಲ್ಲ. ಈ ಕಾರು ರಾಮದುರ್ಗದಲ್ಲಿ ಬಿಚ್ಚಿಸಿಕೊಂಡಿತೆಂದರೆ ಊರಿನ ಉಳಿದ ಗಾಡಿಗಳೂ ಅದೇ ದಾರಿ ಹಿಡಿಯುತ್ತವೆ.

"ನಾಳೆ ಸವದತ್ತಿಗೆ ಹೊಂಟೇವಿ," ಎಂದ ಕಲ್ಮೇಶ. "ಇದೊಂದು ಸಲ ಹೀಟ್ ಆತಂದ್ರ ಮುಗೀತು, ಭಾಯ್. ನಾಡಿದ್ದ ರಾಮದುರ್ಗಕ್ಕ ಬಿಡತೇನಿ."

"ನಾನೂ ಬರತೇನಿ ಅಣ್ಣಾ. ನಿಮ್ಮ ಮನಿ ಅಂಗಳದಿಂದನ ಕೂಡತೇನಿ."

ಗ್ಯಾರೇಜಿನಲ್ಲಿ ತಣ್ಣಗಿದ್ದು ಮನೆಯಿಂದ ಹೊರಟಾಗ ಮಾತ್ರ ಕುದಿಯುವ ಗಾಡಿಯ ಗುಟ್ಟು ಮನೆಯಲ್ಲೇ ಇರಬೇಕು ಎಂಬುದು ಅವನ ಲೆಕ್ಕ.

ಮರುದಿನ ಒಂಬತ್ತಕ್ಕೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು. ಕಲ್ಮೇಶನ ತಾಯಿ ಶಟ್ಟೆವ್ವ ತಾಟು ಹಿಡಿದು ಹೊರಬಂದಳು. ಬಾನೆಟ್ಟಿಗೆ ಕುಂಕುಮ ಇಟ್ಟಳು. ಆಮೇಲೆ ಎರಡು ಕುಪ್ಪಸದ ಖಣಗಳನ್ನು ಕೂಡಿಸಿ ಹೊಲಿದ ದಪ್ಪ ಬಟ್ಟೆಯನ್ನು ಬಿಡಿಸಿ, ನಡುವೆ ಅಕ್ಕಿ, ಒಣಕೊಬ್ಬರಿಯ ಗಂಟು ಕಟ್ಟಿ, ಕಾರಿನ ಮುಂದಿನ ಜಾಳಿಗೆ ಪೂರ್ತಿ ಮುಚ್ಚುವಂತೆ ನಾಲ್ಕೂ ಮೂಲೆ ಬಿಗಿದಳು. ಮನೆಮಗಳು ಬರೀ ಉಡಿಯಲ್ಲಿ ಊರು ದಾಟಬಾರದು. ಎಮ್ಮೆ ಅಡ್ಡ ಬಂದಂದಿನಿಂದ ಅವಳಿಗೆ ಗಾಡಿಯೂ ಮಗಳೇ. ಊರೊಳಗಿನ ಓಡಾಟಕ್ಕೆ ಇದು ಬೇಡ. ಗ್ಯಾರೇಜಿಗಂತೂ ಬೇಡವೇ ಬೇಡ, ಗ್ರೀಸು ತಗಲೀತೆಂದು ಬಿಚ್ಚಿ ದೇವರ ಜಗಲಿಯ ಮೇಲೆ ಇಡುತ್ತಾಳೆ.

ವಾಸೀಮ್ ನೋಡಿದ. ಬಾಯಿಗೆ ಬಂದದ್ದನ್ನು ನುಂಗಿ ಮುಂದಿನ ಸೀಟಿನಲ್ಲಿ ಕೂತ. ಮುಳ್ಳಿನ ಸಾಕ್ಷಿ ಇಲ್ಲದೆ ತಾಯಿ ಕಟ್ಟಿದ ಉಡಿಯ ಮೇಲೆ ತಪ್ಪು ಹೊರಿಸುವುದು ಹೇಗೆ?

ಊರು ದಾಟಿ ಅರ್ಧ ಗಂಟೆಗೆ ಮುಳ್ಳು ಏರತೊಡಗಿತು. ಕಲ್ಮೇಶ ಗದ್ದದಿಂದಲೇ ತೋರಿಸಿದ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಲು ಹೇಳಿ, ವಾಸೀಮ್ ಇಳಿದು ಶಟ್ಟೆವ್ವನನ್ನು ಕಾರಿನ ಮುಂದಕ್ಕೆ ಕರೆದ. ಇಂಜಿನ್ನಿನ ನೀರು ತಣ್ಣಗಾಗಲು ಈ ಜಾಳಿಗೆಯಿಂದಲೇ ಗಾಳಿ ಹೋಗಬೇಕೆಂದು ಬಿಡಿಸಿ ಹೇಳಿದ.

"ಯವ್ವಾ, ಮಗಳಿಗೆ ಉಡಿ ಎಲ್ಲಿ ತುಂಬತೀರಿ? ಸೆರಗಿನ್ಯಾಗೋ, ಮೂಗು-ಬಾಯಿ ಮ್ಯಾಲೋ?"

ಹಿಂದಿನ ಸೀಟಿನಲ್ಲಿದ್ದ ಸೊಸೆ ಉಮಾಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಶಟ್ಟೆವ್ವ ಬಟ್ಟೆಯ ಮೇಲೆ ಕೈಯಿಟ್ಟು ಮಗನ ಕಡೆ ತಿರುಗಿದಳು.

"ಕಲ್ಮ್ಯಾ, ಹೊಂಟಾಗೆಲ್ಲಾ ನೋಡತಿದ್ದೆಲ್ಲೋ. ನಿನಗರ ತಿಳೀಬಾರದ?"

ಕಲ್ಮೇಶ ಅದನ್ನು ದೇವರದೆಂದು ನೋಡಿದ್ದನೇ ಹೊರತು ಬಟ್ಟೆಯೆಂದು ನೋಡಿರಲಿಲ್ಲ.

ಗಂಟು ಬಿಚ್ಚಿದವಳು ಅವಳೇ. ಹಾಗಾದರೆ ಗಾಡಿಯ ಮಡಿಲು ಯಾವುದು ಎಂದು ಕೇಳಿದಳು. ವಾಸೀಮ್ ಮುಂದಿನ ಸೀಟು ತೋರಿಸಿದ.

"ಅಲ್ಲಿ ನೀನ ಕುಂತೀಯಲ್ಲೋ ತಮ್ಮಾ. ತಗೋ, ನೀನ ಹಿಡಿ. ನೆಲಕ್ಕ ತಾಗಸಬ್ಯಾಡ."

ಇಂಜಿನ್ ಆರಿದ ಮೇಲೆ ಹೊರಟರು. ವಾಸೀಮ್ ಮೊಣಕಾಲು ಅಗಲಿಸಿ, ಖಣ ಕೊಬ್ಬರಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ತುಂಬಿದ ಉಡಿಯ ಮದುಮಗಳ ಹಾಗೆ ಅಲುಗದೆ ಕೂತಿದ್ದ. ಕಣ್ಣು ಮಾತ್ರ ಮುಳ್ಳಿನ ಮೇಲೆ. ಏರು ಬಂತು, ಏಸಿ ಹಚ್ಚಿದರು, ಲಾರಿಯೊಂದನ್ನು ಹಿಂದೆ ಹಾಕಿದರು. ಮುಳ್ಳು ನಡುಮಧ್ಯದಲ್ಲೇ ಇತ್ತು.

ಸವದತ್ತಿಯ ಬಸ್ ಸ್ಟ್ಯಾಂಡಿನ ಹತ್ತಿರ ಕಲ್ಮೇಶ ಗಾಡಿ ನಿಲ್ಲಿಸಿ ರಾಮದುರ್ಗಕ್ಕೆ ಫೋನು ಹಚ್ಚಿದ. ನಾಳೆ ಬರುವುದಿಲ್ಲ, ಕಟಕೋಳದಲ್ಲೇ ರಿಪೇರಿ ಆಯಿತು ಎಂದ. ಏನಾಗಿತ್ತೆಂದು ಅತ್ತಲಿಂದ ಕೇಳಿರಬೇಕು. ಅವನು ವಾಸೀಮನ ಮಡಿಲು ನೋಡಿ, ಗಾಳಿ ಸಾಲದಾಗಿತ್ತು ಅಂದಷ್ಟೇ ಹೇಳಿ ಇಟ್ಟ.

ಶಟ್ಟೆವ್ವ ಉಡಿ ಇಸಿದುಕೊಂಡು, ಅದರೊಳಗಿನ ಕೊಬ್ಬರಿ ಬಟ್ಟಲನ್ನು ವಾಸೀಮನ ಅಂಗಿ ಜೇಬಿಗೆ ತುರುಕಿದಳು.